ಇಳಿಜಾರಿನ ನ್ಯಾಯ

"ತೊಟ್ಟಿ ಕಟ್ಟಲ್ಲ ಅಂದ್ರೆ ಕಟ್ಟಲ್ಲ!"

ಬಿಲ್ಡರ್ ಮೇಜು ಗುದ್ದಿದ. ಅಧ್ಯಕ್ಷರ ಕಾಫಿ ನಕ್ಷೆಯ ಮೇಲೆ ತುಳುಕಿತು.

ಊರಿನ ಯೋಜನಾ ಸಮಿತಿಯ ಸಭೆ ಜಗಳಕ್ಕೆ ತಿರುಗಿ ಬಹಳ ಹೊತ್ತಾಗಿತ್ತು. ಇಳಿಜಾರಿನ ನಡುವೆ ಅವನಿಗೊಂದು ದೊಡ್ಡ ಅಪಾರ್ಟ್‌ಮೆಂಟ್ ಎಬ್ಬಿಸಬೇಕಿತ್ತು. ಕಚೇರಿಯ ಎಂಜಿನಿಯರಮ್ಮ ಅಡ್ಡ ನಿಂತಿದ್ದರು.

"ಈಗಲ್ಲಿ ಹುಲ್ಲಿದೆ, ಮಳೆ ಇಂಗುತ್ತೆ. ನೀವು ಕಾಂಕ್ರೀಟ್ ಹಾಕಿದ್ಮೇಲೆ ಅಷ್ಟೂ ನೀರು ಒಂದೇ ಏಟಿಗೆ ಕೆಳಗಿನ ಬೀದಿಗೆ ನುಗ್ಗುತ್ತೆ. ನಿಮ್ಮ ಜಾಗದಲ್ಲೇ ಹಿಡಿದಿಟ್ಟು ನಿಧಾನಕ್ಕೆ ಬಿಡಿ. ಅದಕ್ಕೇ ತೊಟ್ಟಿ."

"ನೆಲಮಾಳಿಗೆಯ ಅರ್ಧ ಪಾರ್ಕಿಂಗ್ ಅದಕ್ಕೇ ಹೋದ್ರೆ ಕಾರು ಎಲ್ಲಿ ನಿಲ್ಲಿಸ್ಲಿ? ನಿಮ್ಮ ತಲೆ ಮೇಲಾ?"

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. ಕೆಳಗಿನ ಬೀದಿಯ ಬೇಕರಿಯವಳು. ತೋಳಿನ ಮೇಲೆ ಮೈದಾ ಇನ್ನೂ ಅಂಟಿಕೊಂಡಿತ್ತು.

"ಹೋದ ಮಳೇಲಿ ನಮ್ಮ ಒಲೆಗೇ ನೀರು ನುಗ್ತು. ಪಕ್ಕದ ಮನೆ ಅಜ್ಜೀನ ಮಂಚದ ಸಮೇತ ಎತ್ಕೊಂಡು ಬಂದ್ವಿ. ತೊಟ್ಟಿ ಕಟ್ಸಿ ಅಣ್ಣಾ, ಕೈ ಮುಗೀತೀನಿ."

"ನೀರು ಕೆಳಗೆ ಹರೀದೆ ಮೇಲಕ್ಕೆ ಹತ್ತುತ್ತಾ? ಮೇಲಿನೋರು ಬಿಡ್ತಾರೆ, ಕೆಳಗಿನೋರು ತಡ್ಕೋಬೇಕು. ಆಗಲ್ಲ ಅಂದ್ರೆ ತಗ್ಗಲ್ಲಿ ಯಾಕಮ್ಮ ಅಂಗಡಿ ಇಟ್ಟೆ?" ಎಂದ ಬಿಲ್ಡರ್.

ಬಿಲ್ಡರನ ಭಾವಮೈದುನ ಕಿಸಕ್ಕನೆ ನಕ್ಕ. ಅವನೂ ಸಮಿತಿಯ ಸದಸ್ಯನೇ.

ಬೇಕರಿಯವಳು ತೋಳಿನ ಮೈದಾ ಒರೆಸಿಕೊಂಡಳು. "ಇನ್ನು ಇಡಲ್ಲ," ಎಂದಳು.

ಅಧ್ಯಕ್ಷರು ಎಂಜಿನಿಯರಮ್ಮನ ಕಣ್ಣು ತಪ್ಪಿಸಿ, ಮತಕ್ಕೆ ಸದಸ್ಯರ ಕೈ ಎತ್ತಿಸಿದರು. ಬಹುಮತ ಬಿಲ್ಡರನಿಗೇ ಸಿಕ್ಕಿತು. ತೊಟ್ಟಿ ಬೇಕಿಲ್ಲ.

"ಒಂದು ಮಾತು ಸರ್," ಎಂದಳು ಬೇಕರಿಯವಳು. "ಈ ವಿನಾಯಿತಿ ಇವರೊಬ್ಬರಿಗಾ, ಇಳಿಜಾರಲ್ಲಿ ಕಟ್ಟೋರಿಗೆಲ್ಲಾನಾ?"

ಗೆದ್ದವನಿಗೆ ಔದಾರ್ಯ ಉಕ್ಕಿತು. "ಎಲ್ಲರಿಗೂ ಅಂತಾನೇ ಬರ್ಕೊಳ್ಳಿ ಸರ್! ನಾನೊಬ್ಬನೇ ತಿನ್ನೋನಲ್ಲ."

ಹಾಗೆಯೇ ಬರೆದುಕೊಂಡರು. ಬಿಲ್ಡರ್ ಮೀಸೆ ತೀಡುತ್ತ ಬಾಗಿಲತ್ತ ನಡೆದ. ಕೆಳಗಿನ ಬೀದಿಯ ಗತಿ ಮುಗಿದಂತೆಯೇ.

"ಮುಂದಿನ ಅರ್ಜಿ," ಅಧ್ಯಕ್ಷರು ಓದಿದರು. "ಇಳಿಜಾರಿನ ತುತ್ತತುದಿ. ಈಗ ಒಪ್ಪಿಗೆ ಕೊಟ್ಟ ಜಾಗದ ಬೆನ್ನಿಗೇ ಇರೋ ಖಾಲಿ ಗುಡ್ಡ. ಬ್ರೆಡ್ ಕಾರ್ಖಾನೆ, ಲಾರಿ ನಿಲ್ಲಿಸೋಕೆ ಕಾಂಕ್ರೀಟ್ ಅಂಗಳ. ಅರ್ಜಿದಾರರು ಯಾರು?"

"ನಾನೇ ಸರ್. ಮಾವನೋರು ಬಿಟ್ಟು ಹೋದ ಜಾಗ." ಬೇಕರಿಯವಳು ಮುಂದೆ ಬಂದಳು. "ನಕ್ಷೇಲಿ ತೊಟ್ಟಿ ಹಾಕಿಸಿದ್ದೆ, ತೆಗೆದುಬಿಡಿ."

"ತೆಗೆದ್ರೆ ನೀರೆಲ್ಲ ಮೊದಲು ಇವರ ನೆಲಮಾಳಿಗೆಗೇ ಇಳಿಯುತ್ತೆ," ಎಂದರು ಎಂಜಿನಿಯರಮ್ಮ, ಬಿಲ್ಡರನತ್ತ ಕೈ ತೋರಿಸಿ.

ಬಾಗಿಲ ಹಿಡಿಯ ಮೇಲಿದ್ದ ಕೈ ಅಲ್ಲೇ ನಿಂತಿತು. "ಸರ್," ಬಿಲ್ಡರನ ದನಿ ಕೀರಲಾಗಿತ್ತು, "ತೊಟ್ಟಿ ಕಡ್ಡಾಯ ಮಾಡಿ. ಎಲ್ಲರಿಗೂ. ನನ್ನನ್ನೂ ಸೇರಿಸಿ."