ಸಿಗಲಿಲ್ಲ ಅಂದ ಡಬ್ಬಿ

ಗುಡ್ಡ ಹತ್ತಿದ ಹತ್ತೇ ನಿಮಿಷಕ್ಕೆ ಬೆರಿಲ್‌ಗೆ ಡಬ್ಬಿ ಸಿಕ್ಕಿತು. ಅಷ್ಟು ಸುಲಭವಾಗಿ ಅದು ಸಿಗಬಾರದಿತ್ತು.

ಎರಡು ವರ್ಷದ ಹಿಂದೆ ಇದೇ ಹಾಕ್‌ಬೇರ್ ಗುಡ್ಡದ ಮೇಲೆ, ಇದೇ ಡಬ್ಬಿ ಹುಡುಕುತ್ತ, ಅವಳ ಒಬ್ಬನೇ ಮಗ ಪಿಯರ್ಸ್ ಹಳೆಯ ಕಲ್ಲುಕ್ವಾರಿಗೆ ಬಿದ್ದು ಸತ್ತಿದ್ದ. ಸೊಸೆ ರೊವೆನಾ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಹೇಳಿದ್ದಳು: ಇಬ್ಬರೂ ಒಂದು ಗಂಟೆ ಹುಡುಕಿದೆವು, ಡಬ್ಬಿ ಸಿಗಲಿಲ್ಲ, ಅಂಚಿನಲ್ಲಿ ಬಗ್ಗಿ ನೋಡುವಾಗ ನನ್ನ ಕಣ್ಣೆದುರೇ ಅವನ ಕಾಲು ಜಾರಿತು ಎಂದು. ಅಪಘಾತವೆಂದು ಬರೆದು ಕಡತ ಮುಚ್ಚಿದರು.

ಡಾರ್ಟ್‌ಮೂರ್ ಬಯಲಿನವರಿಗೆ ಈ ಡಬ್ಬಿ ಹುಡುಕುವ ಆಟ ಅಂಬೆಗಾಲಿನಿಂದಲೇ ಅಂಟಿಕೊಳ್ಳುತ್ತದೆ. ಯಾರೋ ಬಂಡೆಯ ಸಂದಿಯಲ್ಲಿ ಡಬ್ಬಿ ಅಡಗಿಸಿ, ಸುಳಿವಿನ ಚೀಟಿ ಬರೆದಿರುತ್ತಾರೆ. ಒಳಗೆ ಒಂದು ಮುದ್ರೆ, ಒಂದು ಪುಸ್ತಕ. ಹುಡುಕಿದವರು ಆ ಮುದ್ರೆಯನ್ನು ತಮ್ಮ ಪುಸ್ತಕಕ್ಕೆ ಒತ್ತಿಕೊಂಡು, ತಮ್ಮ ಮುದ್ರೆಯನ್ನು ಡಬ್ಬಿಯ ಪುಸ್ತಕಕ್ಕೆ ಒತ್ತಿ, ತಾರೀಖು ಹಾಕಿ, ಎಲ್ಲ ಇದ್ದ ಹಾಗೇ ಇಟ್ಟು ಹೋಗಬೇಕು. ಪಿಯರ್ಸ್‌ಗೆ ಏಳು ತುಂಬಿದಾಗ ಬೆರಿಲ್ ಅಡುಗೆಮನೆಯ ಮೇಜಿನ ಮೇಲೆ ರಬ್ಬರ್ ಕೊರೆದು ಅವನಿಗೊಂದು ನೀರುನಾಯಿಯ ಮುದ್ರೆ ಮಾಡಿಕೊಟ್ಟಿದ್ದಳು. ಚಾಕು ತಪ್ಪಿ ಬಾಲದ ತುದಿ ಹಾರಿಹೋಗಿತ್ತು. ಬೇರೆ ಮಾಡಿಕೊಡುತ್ತೇನೆಂದರೂ ಅವನು ಒಪ್ಪಿರಲಿಲ್ಲ.

ಮಗನಿಗೆ ಸಿಗದ ಡಬ್ಬಿಯನ್ನು ಅವನ ಹೆಸರಿನಲ್ಲಿ ಹುಡುಕಿಬಿಡೋಣ ಎಂದಷ್ಟೇ ಬೆರಿಲ್ ಇವತ್ತು ಬಂದದ್ದು. ಸುಳಿವಿನ ಚೀಟಿ ಹಿಡಿದು, ಒಂಟಿ ಮುಳ್ಳುಮರದ ಬುಡದಲ್ಲಿ ದಿಕ್ಸೂಚಿ ಹೊಂದಿಸಿ, ನಲವತ್ತು ಹೆಜ್ಜೆ ಎಣಿಸಿದಳು. ದಿಕ್ಸೂಚಿ ಪಿಯರ್ಸ್‌ನದೇ. ಸಾಯುವ ಹಿಂದಿನ ದಿನ ಮನೆಗೆ ಬಂದು, "ನಿಂದು ಹಳೇದಾಯ್ತಮ್ಮ, ಇದನ್ನಿಟ್ಕೋ" ಎಂದು ಕೊಟ್ಟುಹೋಗಿದ್ದ.

ಹೆಜ್ಜೆ ಮುಗಿದಲ್ಲಿ ಚಪ್ಪಟೆ ಕಲ್ಲು. ಕಲ್ಲಿನಡಿ ಡಬ್ಬಿ. ಕ್ವಾರಿಯ ಅಂಚು ಗುಡ್ಡದ ಆಚೆ ಮಗ್ಗುಲಿಗೆ. ಸಾವಿರ ಡಬ್ಬಿ ಹುಡುಕಿದವನು ಅಲ್ಲಿ ಹೋಗಿ ಯಾಕೆ ಬಗ್ಗಿದ?

ಪುಸ್ತಕ ತಿರುವಿದಳು. ಮಾರ್ಚ್ ಒಂಬತ್ತು. ಅವನು ಸತ್ತ ದಿನ. ಅಲ್ಲಿ ಬಾಲ ಮುರಿದ ನೀರುನಾಯಿ ಕೂತಿತ್ತು. ಸದಾ ಅವಸರದಲ್ಲಿ ಸೊಟ್ಟಗೆ ಒತ್ತುತ್ತಿದ್ದವನು ಅವತ್ತು ನೆಟ್ಟಗೆ, ಕಪ್ಪಗೆ, ಪುರುಸೊತ್ತಿನಲ್ಲಿ ಒತ್ತಿದ್ದ. ರೊವೆನಾಳ ಮುದ್ರೆ ಇರಲಿಲ್ಲ. ಮುಂದಿನ ಹಾಳೆಯನ್ನು ಯಾರೋ ಬುಡಸಹಿತ ಹರಿದಿದ್ದರು.

ಡಬ್ಬಿ ಅವನಿಗೆ ಸಿಕ್ಕಿತ್ತು. ಸೊಸೆ ಸುಳ್ಳು ಹೇಳಿದ್ದಳು.

ಅನುಮಾನಕ್ಕೆ ಒಂದು ಎಳೆ ಸಿಕ್ಕರೆ ಸಾಕು, ಬಟ್ಟೆಯನ್ನೇ ನೇಯುತ್ತದೆ. ಆ ಚಳಿಗಾಲವಿಡೀ ಪಿಯರ್ಸ್ ಸೊರಗಿದ್ದ. ಊಟ ಸೇರುತ್ತಿರಲಿಲ್ಲ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಏನೋ ಎಂದು ಕೇಳಿದರೆ ನಗುತ್ತಿದ್ದ. ಆ ಮನೆಯಲ್ಲಿ ನೆಮ್ಮದಿಯಿಲ್ಲ ಎಂದು ಬೆರಿಲ್ ಆಗಲೇ ಅಂದುಕೊಂಡಿದ್ದಳು. ಮಣ್ಣು ಮಾಡಿದ ದಿನ ರೊವೆನಾಳ ಕಣ್ಣಿಂದ ಒಂದು ಹನಿ ಬೀಳಲಿಲ್ಲ. ನಿನ್ನೆ ಹಾಕ್‌ಬೇರ್‌ಗೆ ಹೋಗುತ್ತೇನೆಂದಾಗ ಅವಳ ಮುಖ ಬಿಳುಚಿಕೊಂಡಿತ್ತು. ಆ ಡಬ್ಬಿಯನ್ನು ಇಟ್ಟವರೇ ತೆಗೆದುಬಿಟ್ಟಿದ್ದಾರೆ, ಸುಮ್ಮನೆ ಮಂಡಿ ನೋಯಿಸಿಕೊಳ್ಳಬೇಡಿ ಎಂದಿದ್ದಳು.

"ಅದನ್ನ ಅಲ್ಲೇ ಇಡಿ, ಅತ್ತೆ."

ಬೆನ್ನ ಹಿಂದೆ ರೊವೆನಾ ನಿಂತಿದ್ದಳು. ಮಗಳು ಎಡಿಯನ್ನು ಶಾಲೆಗೆ ಬಿಟ್ಟು ನೇರ ಓಡಿಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಒಂದು ಕೈ ಕೋಟಿನ ಒಳಜೇಬನ್ನು ಅದುಮಿ ಹಿಡಿದಿತ್ತು.

"ತೆಗೆದುಬಿಟ್ಟಿದ್ದಾರೆ ಅಂದ್ಯಲ್ಲ," ಎಂದಳು ಬೆರಿಲ್. "ಡಬ್ಬಿಗೇನು ಕಾಲು ಬಂದು ವಾಪಸ್ ನಡ್ಕೊಂಡು ಬಂತಾ?"

ಮಂಜು ಇಳಿಯುತ್ತಿದೆ, ಮನೆಗೆ ಹೋಗಿ ಮಾತಾಡೋಣ ಎಂದಳು ರೊವೆನಾ. ಆದರೆ ಇಳಿಯುವ ದಾರಿಗೆ ಅಡ್ಡವಾಗಿಯೇ ನಿಂತಳು. ಎರಡು ಹೆಜ್ಜೆ ಹತ್ತಿರ ಬಂದು ಪುಸ್ತಕಕ್ಕೆ ಕೈ ಚಾಚಿದಳು.

ಬೆರಿಲ್ ಅದನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. ಇದು ಇವತ್ತೇ ಠಾಣೆಗೆ ಹೋಗುತ್ತದೆ ಎಂದಳು. ಹರಿದ ಹಾಳೆಯಲ್ಲಿ ಏನಿತ್ತೆಂದು ಅವರೇ ಬಾಯಿ ಬಿಡಿಸಲಿ. ಆಮೇಲೆ ಎಡಿಯ ವಿಷಯ. "ಅಪ್ಪನ್ನ ತೆಗೆದ ಕೈಲಿ ಆ ಮಗು ತುತ್ತು ತಿನ್ನೋದು ಬೇಡ. ಎಡಿ ನನ್ನತ್ರ ಬೆಳೀಲಿ."

ರೊವೆನಾ ಚಾಚಿದ ಕೈ ಇಳಿಯಿತು.

"ಏನ್ ಬೇಕಾದ್ರೂ ಅನ್ನಿ. ಎಡಿನ ಮಾತ್ರ ಕೇಳ್ಬೇಡಿ."

"ಹಾಗಾದ್ರೆ ನಿಜ ಹೇಳು. ಅವನು ಬೀಳೋವಾಗ ನೀನು ಪಕ್ಕದಲ್ಲಿದ್ಯಾ?"

"ಇರ್ಲಿಲ್ಲ. ಕೆಳಗೆ ಹಳ್ಳದ ಹತ್ರ ಎಡಿ ಜೊತೆ ಕೂತಿದ್ದೆ. ಅವನೊಬ್ನೇ ಹತ್ತಿದ. ಎಷ್ಟೊತ್ತಾದ್ರೂ ಬರ್ಲಿಲ್ಲ ಅಂತ ನಾನು ಹತ್ತಿ ಬಂದಾಗ ಡಬ್ಬಿ ತೆರೆದಿತ್ತು."

"ಮತ್ತೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಯಾರಿಗೋಸ್ಕರ?"

ಗಾಳಿ ಬೀಸುತ್ತಿತ್ತು. ರೊವೆನಾ ಒಳಜೇಬಿನಿಂದ ಪ್ಲಾಸ್ಟಿಕ್ ಹೊದಿಸಿದ ಹಾಳೆಯೊಂದನ್ನು ತೆಗೆದಳು. ಮಡಚಿ ಮಡಚಿ ಅದರ ಅಂಚು ಸವೆದಿತ್ತು.

"ಸಾಯೋವರೆಗೂ ಕೊಡಬಾರದು ಅಂತಿದ್ದೆ," ಎಂದಳು.

ಬೆರಿಲ್ ಕಿತ್ತುಕೊಂಡು ಬಿಡಿಸಿದಳು. ಪಿಯರ್ಸ್‌ನ ಅಕ್ಷರ.

'ರೊವೆನಾ, ತಪ್ಪು ನಿನ್ನದಲ್ಲ, ಇನ್ನು ನನ್ನ ಕೈಲಾಗುವುದಿಲ್ಲ. ಅಮ್ಮ ಇದನ್ನು ತಡೆದುಕೊಳ್ಳಲಾರಳು. ಡಬ್ಬಿ ಸಿಗಲಿಲ್ಲ, ಹುಡುಕುವಾಗ ನಿನ್ನ ಕಣ್ಣೆದುರೇ ಕಾಲು ಜಾರಿತು ಅಂತ ಅವಳಿಗೆ ಹೇಳಿಬಿಡು.'