ಉಗುರಿನ ಕೆಂಪು

ಎಲ್ಲಿಂದಲಾದರೂ ಗೋರಂಟಿ ಅರೆಯುವ ವಾಸನೆ ಬಂದರೆ ಈಗಲೂ ನನ್ನ ಕೈ ಸೆರಗಿನೊಳಗೆ ಸೇರಿಕೊಳ್ಳುತ್ತದೆ.

ಪ್ಲೇಗಿನ ವರ್ಷ ಚನ್ನಪಟ್ಟಣ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ನಾನಾಗ ಚಿಕ್ಕವಳು; ಉಗುರನ್ನೂ ಅದರ ಸುತ್ತಲಿನ ಚರ್ಮವನ್ನೂ ರಕ್ತ ಬರುವಂತೆ ಕಚ್ಚುತ್ತಿದ್ದೆ. ಬೇವು ಸವರಿದರೂ ಬಿಡಲಿಲ್ಲ. ಒಂದು ದಿನ ಅವ್ವ ಗೋರಂಟಿ ಅರೆದು ಹತ್ತೂ ಬೆರಳಿಗೆ ಟೋಪಿಯಂತೆ ಮೆತ್ತಿದಳು. ಹಸಿ ಗಾಯ ಉರಿಯಿತು.

"ಇಷ್ಟು ಚೆಂದಾಗಿರೋದ ಯಾರಾರ ತಿಂತಾರಾ? ಕೆಂಪು ಇರೋಗಂಟ ಕಚ್ಚಬ್ಯಾಡ ಕಣವ್ವ," ಅಂದಳು.

ನಾಲ್ಕನೆಯ ದಿನ ಅವಳಿಗೆ ಗಡ್ಡೆ ಎದ್ದು ಜ್ವರ ಬಂತು. ವಾರ ತುಂಬುವ ಮೊದಲೇ ಮಣ್ಣು ಮಾಡಿದರು.

ಆಮೇಲೆ ನಾನು ಒಂದು ಬೆರಳನ್ನೂ ಬಾಯಿಗಿಡಲಿಲ್ಲ. ಕಚ್ಚದಿದ್ದರೆ ಕೆಂಪು ಹಾಗೇ ಉಳಿಯುತ್ತದೆ ಎಂದುಕೊಂಡಿದ್ದೆ. ಉಗುರು ಬೆಳೆಯಿತು. ಬುಡದಲ್ಲಿ ಬಿಳುಪು ಮೂಡಿ, ಕೆಂಪು ದಿನದಿನಕ್ಕೂ ತುದಿಗೆ ಸರಿದು, ಕೆಲಸದಲ್ಲಿ ಸವೆದು ಮುರಿದು ಹೋಗತೊಡಗಿತು.

ಒಂದು ಮಧ್ಯಾಹ್ನ ಅಜ್ಜಿ ಕತ್ತರಿ ಹಿಡಿದು ಬಂದಳು. "ಒಸಿ ಕೈ ಕೊಡು ಮಗಾ. ಕರಡಿ ಉಗುರಾಗವೆ."

ನಾನು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅವಳು ಎಳೆದು ಬಿಡಿಸಿ ನೋಡಿದಳು. ಹೆಬ್ಬೆರಳ ತುದಿಯಲ್ಲಿ ಮಾತ್ರ ದಾರದೆಳೆಯಷ್ಟು ಕೆಂಪಿತ್ತು. ಅದನ್ನೇ ಬಹಳ ಹೊತ್ತು ಸವರಿದಳು.

"ಇವತ್ತು ಬ್ಯಾಡ ಬುಡು, ನಾಳೀಕೆ ಕತ್ತರಿಸಾನ," ಅಂದಳು. ಮೂರು ದಿನ ಹಾಗೆಯೇ ಅಂದಳು.

ನಾಲ್ಕನೆಯ ದಿನ ನೀರು ಸೇದುವಾಗ ಆ ಉಗುರು ಹಗ್ಗಕ್ಕೆ ಸಿಕ್ಕಿ ಮುರಿದು ಬಾವಿಗೆ ಬಿತ್ತು.