ಪಂಪ್‌ಸೆಟ್ ಮೂಲೆಯ ಬಳ್ಳಿ

ಸೋಮವಾರ ಬೆಳಿಗ್ಗೆ ತಿಕೋಟಾದ ದ್ರಾಕ್ಷಿ ತೋಟಗಳೆಲ್ಲ ರುಚಿ ಬದಲಿಸಿದ್ದವು. ವಾರವಾರವೂ ಹಾಗೆಯೇ. ಪೇಟೆಯಲ್ಲಿ ವೈನ್ ಕುಡಿಯುವವರ ನಾಲಿಗೆ ಏನು ಬೇಡುತ್ತದೋ ಅದು ಬಳ್ಳಿಗಳಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಹೋದ ವಾರ ಮೆಣಸಿನ ಘಾಟು ಬಂದಿತ್ತು, ಈ ವಾರ ತೆಳ್ಳನೆಯ ಹುಳಿ.

ನೀಲಗಂಗವ್ವ ತನ್ನ ತೋಟದಲ್ಲಿ ಸಾಲಿಗೊಂದು ಹಣ್ಣು ಚಪ್ಪರಿಸುತ್ತ ಬಂದು ಪಂಪ್‌ಸೆಟ್ ಮೂಲೆಯಲ್ಲಿ ನಿಂತಳು. ಅಲ್ಲಿನ ಬಳ್ಳಿಯೊಂದು ಮಾತ್ರ ಬದಲಾಗಿರಲಿಲ್ಲ. ಅದೇ ದಟ್ಟ ಸಿಹಿ. ಅವಳು ಸೊಸೆಯಾಗಿ ಬಂದ ವರ್ಷ ಇಡೀ ತೋಟಕ್ಕೆ ಇದ್ದ ರುಚಿ ಅದು.

ಹಣ್ಣು ಒಯ್ಯಲು ಬಂದ ವೈನರಿಯ ಸಿದ್ರಾಮ ಇವತ್ತು ಕೊಡಲಿಯನ್ನೂ ತಂದಿದ್ದ.

"ಯಕ್ಕಾ, ಇದರ ಒಂದು ಗೊಂಚಲ ಕೂಡಿದ್ರೂ ಲೋಡ್ ವಾಪಸ್ ಕಳಿಸ್ತಾರ. ಈ ಹಟಮಾರಿ ಬಳ್ಳಿ ಕಡದ ಬಿಡ್ತೀನಿ."

"ಹಟ ಅಲ್ಲೋ ತಮ್ಮಾ. ಎಲ್ಲೋ ಒಬ್ರು ಇನ್ನೂ ಇದನ್ನ ಬೇಡಾಕತ್ತಾರ."

"ಒಬ್ರ ಸಲುವಾಗಿ ಯಾರ್ ಬಾಟ್ಲಿ ತುಂಬ್ತಾರ?"

"ಕಡಿ ಹಂಗಾರ. ಮೊದ್ಲ ಒಂದ್ ತಿಂದ ನೋಡು. ಇಷ್ಟ್ ವರ್ಷ ಬರ್ತೀ, ಒಮ್ಮೆನೂ ಬಾಯಾಗ ಹಾಕಿಲ್ಲ."

ಸಿದ್ರಾಮ ಮುಖ ಕಿವುಚಿಕೊಂಡೇ ಒಂದು ಹಣ್ಣು ಬಾಯಿಗಿಟ್ಟ. ಇನ್ನೊಂದು ಕಿತ್ತ. ಆಮೇಲೆ ಕೊಡಲಿಯ ಅಂಚನ್ನು ಹೆಬ್ಬೆರಳಿಂದ ಸವರಿ, "ಹರಿತ ಇಲ್ಲ ಯಕ್ಕಾ, ಮುಂದಿನ ವಾರ ನೋಡೂಣು" ಎಂದು ಗಾಡಿ ಹತ್ತಿದ.

ಮುಂದಿನ ಸೋಮವಾರ ನೀಲಗಂಗವ್ವ ಮೂಲೆಯಲ್ಲೇ ಕಾಯುತ್ತಿದ್ದಳು. ಪಕ್ಕದ ಬಳ್ಳಿಯ ಹಣ್ಣೊಂದನ್ನು ಸಿದ್ರಾಮನ ಅಂಗೈಗಿಟ್ಟಳು. ಉಳಿದ ಸಾಲುಗಳೆಲ್ಲ ಬೇರೆ ರುಚಿಗೆ ತಿರುಗಿದ್ದರೂ ಅದೂ ದಟ್ಟ ಸಿಹಿಯಾಗಿತ್ತು.

"ಕೊಡ್ಲಿ ಮಸದ ತಂದೀಯೇನು?" ಅಂದಳು. "ಮೊದ್ಲ ಇದನ್ನ ಕಡಿ. ಇದು ನೀ ಬೇಡಿದ್ದು."